ಹದಿನಾಲ್ಕು ಏರ್‌ಬ್ರಷ್‌ಗಳ ಮಾಸ್ಟರು

ನಾನು ಏರ್‌ಬ್ರಷ್ ಕೊಳ್ಳಲು ಹೊರಟದ್ದು ಒಂದು ರೋಡ್ ರೋಲರಿಗೆ ಧೂಳು ಹಚ್ಚುವುದಕ್ಕಾಗಿ. ರೋಲರು ನನ್ನ ಅಂಗೈಗಿಂತ ತುಸು ಉದ್ದ. ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಅಂಟಿಸಿ, ಗಾಲಿಗಳಿಗೆ ನೀರಿನ ಪೈಪಿನ ತುಂಡು ಜೋಡಿಸಿ ಒಂಬತ್ತು ತಿಂಗಳು ಕೂತು ಕಟ್ಟಿದ್ದೆ. ನಮ್ಮ ತಂದೆ ರಸ್ತೆಗಳ ಇಲಾಖೆಯಲ್ಲಿ ಓವರ್ಸಿಯರ್ ಆಗಿದ್ದಾಗ ಅವರ ಆಫೀಸಿನ ಅಂಗಳದಲ್ಲಿ ಅಂಥದೊಂದು ಹಸಿರು ರೋಲರು ನಿಂತಿರುತ್ತಿತ್ತು. ಹಸಿರು ಎಂದು ಹೇಳುವುದು ಸುಮ್ಮನೆ. ಅದರ ಮೇಲೆ ಕುಳಿತ ಧೂಳಿನ ಸಂದಿನಲ್ಲಿ ಅಲ್ಲಲ್ಲಿ ಹಸಿರು ಕಾಣುತ್ತಿತ್ತು.

ಆ ಧೂಳು ಕುಂಚಕ್ಕೆ ಒಲಿಯಲಿಲ್ಲ. ಕುಂಚದಿಂದ ಹಚ್ಚಿದರೆ ಅದು ಧೂಳಾಗುವುದಿಲ್ಲ, ರಾಡಿಯಾಗುತ್ತದೆ. ಮೂರು ಸಲ ಹಚ್ಚಿ ಮೂರು ಸಲ ಒರೆಸಿದೆ. ನಮ್ಮ ಮನೆಯವರು ಪೇಪರಿನಿಂದ ತಲೆಯೆತ್ತದೆ ಹೇಳಿದರು:

"ಧೂಳ ಬೇಕಂದ್ರ ಬಾಲ್ಕನ್ಯಾಗ ಇಡು. ನಾಕ ದಿನದಾಗ ತಾನ ಬರ್ತೈತಿ."

ನಾವಿರುವ ಮೆಹದಿಪಟ್ಟಣಂನ ಬಸ್ಸುಗಳ ಧೂಳು ನಮ್ಮ ಬಾಲ್ಕನಿಗೆ ಧಾರಾಳವಾಗಿಯೇ ಬರುತ್ತದೆ. ಆದರೆ ಅಂಗೈಯಷ್ಟು ರೋಲರಿನ ಮೇಲೆ ಖರೇ ಧೂಳು ಕೂತರೆ ಕಣ್ಣಿಗೆ ಜಲ್ಲಿ ಸುರಿದ ಹಾಗೆ ಕಾಣುತ್ತದೆ. ಸಣ್ಣ ವಸ್ತುವಿಗೆ ಸಣ್ಣ ಧೂಳೇ ಬೇಕು. ಅದನ್ನು ಅವರಿಗೆ ವಿವರಿಸುವ ತಾಳ್ಮೆ ನನಗಿರಲಿಲ್ಲ.

ಏರ್‌ಬ್ರಷ್ ಎಂದರೆ ದಪ್ಪ ಪೆನ್ನಿನಂಥ ಲೋಹದ ಸಲಕರಣೆ. ಕಂಪ್ರೆಸರಿನ ಗಾಳಿ ಒಂದು ಕೊಳವೆಯಲ್ಲಿ ಬರುತ್ತದೆ, ಮೇಲಿನ ಪುಟ್ಟ ಬಟ್ಟಲಿನಿಂದ ಬಣ್ಣ ಇಳಿಯುತ್ತದೆ, ಎರಡೂ ಮೂತಿಯಲ್ಲಿ ಕೂಡಿ ಮಂಜಿನಂತೆ ಹೊರಬೀಳುತ್ತವೆ. ಒಳಗಿರುವ ಉದ್ದ ಸೂಜಿ ಎಷ್ಟು ಹಿಂದೆ ಸರಿಯುತ್ತದೋ ಅಷ್ಟು ಬಣ್ಣ. ಇಷ್ಟೇ. ಈ ಇಷ್ಟನ್ನು ನನಗೆ ಹೇಳುವುದಕ್ಕೆ ಊರಿನ ಇನ್ನೊಂದು ತುದಿಯ ಮಾದಾಪುರದ ಒಬ್ಬ ಮನುಷ್ಯ ಎರಡು ಗಂಟೆ ತೆಗೆದುಕೊಂಡರು.

ಮಾಡೆಲ್ ಕಟ್ಟುವವರ ಒಂದು ಗುಂಪು ಭಾನುವಾರ ಬೆಳಿಗ್ಗೆ ಅವರ ಫ್ಲ್ಯಾಟಿನಲ್ಲಿ ಸೇರುತ್ತಿತ್ತು. ಏಳೆಂಟು ಜನ, ಎಲ್ಲರೂ ಕಂಪನಿಗಳ ಎಂಜಿನಿಯರುಗಳು, ಎಲ್ಲರೂ ಗಂಡಸರು. ಮನೆಯ ಒಡೆಯರನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ಹುಬ್ಬಳ್ಳಿ ಕಡೆಯವರು, ನಲವತ್ತೈದರ ಆಸುಪಾಸು, ಯಾವುದೋ ಕಂಪನಿಯಲ್ಲಿ ದೊಡ್ಡ ಹುದ್ದೆ. ನಾನು ರಾಯಚೂರು ಮೂಲದವಳೆಂದು ತಿಳಿದ ಕೂಡಲೇ ಕನ್ನಡಕ್ಕೆ ತಿರುಗಿದರು. ಅದೊಂದನ್ನು ಅವರ ಖಾತೆಗೆ ಒಳ್ಳೆಯದೆಂದು ಬರೆದುಕೊಳ್ಳುತ್ತೇನೆ.

"ಯಾರಿಗ್ ತಗೊಳ್ಳಾಕತ್ತೀರಿ ಮೇಡಂ? ಮಗಗೇನ್ರಿ?"

"ನನಗರಿ."

"ಹೌದಾ! ಭಾಳ ಚೊಲೊ ಆತು ಬಿಡ್ರಿ," ಎಂದರು, ಚಿಕ್ಕ ಹುಡುಗಿ ಮೊದಲ ಸಲ ರೊಟ್ಟಿ ಬಡಿದಾಗ ಹೇಳುವ ದನಿಯಲ್ಲಿ.

ನನಗೆ ಆಗ ಐವತ್ತೊಂಬತ್ತು. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬಿಡಿಸಿದವಳು. ಕೂದಲೆಳೆಯಷ್ಟು ತೆಳ್ಳಗಿನ ಗೆರೆಯನ್ನು ಇಂಕಿನಲ್ಲಿ ಎರಡು ಅಡಿ ಉದ್ದ ಎಳೆದು, ಕೊನೆಯಲ್ಲಿ ಹನಿ ಬೀಳದಂತೆ ಎತ್ತುವುದು ನನ್ನ ಹೊಟ್ಟೆಪಾಡಾಗಿತ್ತು. ಅದನ್ನು ಅಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಬ್ಬ ನನ್ನ ರೋಲರಿನ ಫೋಟೊ ನೋಡಿ ಇದು ಯಾವ ಕಂಪನಿಯ ಕಿಟ್ ಎಂದು ಕೇಳಿದ. ಕಿಟ್ ಅಲ್ಲ, ನಾನೇ ಕಟ್ಟಿದ್ದು ಎಂದೆ. "ಓ," ಎಂದು ಫೋನು ವಾಪಸು ಕೊಟ್ಟ. ಡಬ್ಬಿಯಲ್ಲಿ ಬರದ ವಸ್ತುವಿನ ಬಗ್ಗೆ ಅವನಿಗೆ ಮಾತಾಡಲು ಏನೂ ಇರಲಿಲ್ಲ.

ಮಾಸ್ಟರು ಗಾಜಿನ ಕಪಾಟಿನ ಬಾಗಿಲು ತೆರೆದರು. ಒಳಗೆ ಹದಿನಾಲ್ಕು ಏರ್‌ಬ್ರಷ್‌ಗಳು, ಒಂದೊಂದಕ್ಕೂ ಒಂದೊಂದು ಮರದ ಗೂಡು. ಅವರು ಒಂದೊಂದನ್ನೇ ಮೆತ್ತನೆಯ ಬಟ್ಟೆಯಲ್ಲಿ ಹಿಡಿದು ಹೊರತೆಗೆದರು. ಇದು ಜಪಾನಿನದು, ಇದು ಜರ್ಮನಿಯದು, ಇದರ ಸೂಜಿ ಇಷ್ಟು, ಅದರದು ಅದಕ್ಕಿಂತ ಸಣ್ಣದು. ಉಳಿದವರು ಕುತ್ತಿಗೆ ಚಾಚಿ ನೋಡುತ್ತಿದ್ದರು. ವಾರವಾರವೂ ಅದನ್ನೇ ನೋಡುತ್ತಿದ್ದರೆಂದು ಆಮೇಲೆ ತಿಳಿಯಿತು. ಅವರೆಲ್ಲರ ಮನೆಗಳಲ್ಲಿ ಇನ್ನೂ ಬಿಚ್ಚದ ಕಿಟ್ ಡಬ್ಬಿಗಳು ಅಟ್ಟದವರೆಗೆ ಪೇರಿಸಿಟ್ಟಿದ್ದವು. ವರ್ಷಕ್ಕೊಂದು ಮಾಡೆಲ್ ಮುಗಿಸಿದವನು ಆ ಗುಂಪಿನಲ್ಲಿ ಶ್ರಮಜೀವಿ ಎನಿಸಿಕೊಳ್ಳುತ್ತಿದ್ದ.

"ಇದು ನೋಡ್ರಿ, ಕೂದಲದಷ್ಟ ಗೆರಿ ಎಳೀತೈತಿ," ಎಂದರು ಮಾಸ್ಟರು.

"ಎಳದು ತೋರಸ್ತೀರೇನ್ರಿ?"

"ಕಂಪ್ರೆಸರ್ ಸರ್ವಿಸಿಗೆ ಹೋಗೈತ್ರಿ ಇವತ್ತ."

ಬಟ್ಟಲುಗಳ ಒಳಗೆ ಬಣ್ಣದ ಒಂದು ಕಲೆಯೂ ಇರಲಿಲ್ಲ. ಎಷ್ಟು ಚೊಕ್ಕ ಮನುಷ್ಯ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು!

ಕೊನೆಗೆ ನನಗೆ ಯಾವುದು ತಕ್ಕದ್ದೆಂಬ ತೀರ್ಪು ಬಂತು.

"ನಿಮಗ ಡಬಲ್ ಆಕ್ಷನ್ ಬ್ಯಾಡ್ರಿ. ಒತ್ತಿದ್ರ ಗಾಳಿ, ಹಿಂದಕ್ಕ ಎಳದ್ರ ಬಣ್ಣ. ಎರಡೂ ಒಂದ ಬೆರಳಿನಾಗ ಸಂಭಾಳಸಬೇಕು. ಹೆಣ್ಮಕ್ಕಳಿಗೆ ತ್ರಾಸ ಆಕ್ಕೈತಿ. ಬರೇ ಒತ್ತೂದು ತಗೋರಿ, ಒತ್ತಿದ್ರ ಎಲ್ಲಾ ತಾನ ಬರ್ತೈತಿ."

ಕಾಲಲ್ಲಿ ಹೊಲಿಗೆ ಮಷೀನು ತುಳಿಯುತ್ತ, ಕೈಯಲ್ಲಿ ಬಟ್ಟೆ ತಿರುಗಿಸುತ್ತ, ಒಲೆಯ ಮೇಲಿನ ಹಾಲಿನ ಕಡೆ ಕಿವಿ ಇಟ್ಟು ಬೆಳೆದವರಿಗೆ ಒಂದು ಬೆರಳಿನಲ್ಲಿ ಎರಡು ಕೆಲಸ ಕಷ್ಟವಂತೆ! ಆದರೂ ನಾನು ಎದುರಾಡಲಿಲ್ಲ. ಕಾರಣ, ಕಪಾಟಿನ ಮೇಲೆ ಒಂದು ಯುದ್ಧವಿಮಾನ ನಿಂತಿತ್ತು. ಅದರ ಮೈಮೇಲೆ ಬೂದು ಬಣ್ಣದ ಮಚ್ಚೆಗಳು, ಅಂಚೇ ಇಲ್ಲದ ಹಾಗೆ, ಹೊಗೆ ಬಂದು ಕುಳಿತಂತೆ. ಎಲ್ಲಿ ಮಚ್ಚೆ ಮುಗಿದು ಎಲ್ಲಿ ಮೈ ಶುರುವಾಯಿತು ಎಂದು ಹೇಳಲಾಗದು. ಅಂಥ ಕೈಯುಳ್ಳವರು ಹೇಳಿದರೆ ಕೇಳಬೇಕಲ್ಲ ಎಂದು ಬಾಯಿ ಮುಚ್ಚಿಕೊಂಡೆ.

ಮರುದಿನ ಅಬಿಡ್ಸ್‌ಗೆ ಹೋದೆ. ಪೇಟೆಯ ನಡುವೆ ಚಿತ್ರಕಲೆಯ ಸಾಮಾನಿನ ದೊಡ್ಡ ಅಂಗಡಿ. ಗಲ್ಲೆಯ ಹಿಂದಿದ್ದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೇಕಿಗೋ ಮೇಕಪ್ಪಿಗೋ ಎಂದು ಹಿಂದಿಯಲ್ಲಿ ಕೇಳಿದ. ರೋಡ್ ರೋಲರಿಗೆ ಎಂದೆ. ಅವನು ನಗಬೇಕೋ ಬೇಡವೋ ತಿಳಿಯದೆ ಮಖಮಲ್ಲಿನ ಪೆಟ್ಟಿಗೆ ತೆಗೆದ. ಒಳಗೆ ಚಿನ್ನದ ಬಣ್ಣದ ಏರ್‌ಬ್ರಷ್, ಮದುವೆಯಲ್ಲಿ ಕೊಡುವ ಉಡುಗೊರೆಯ ಹಾಗೆ ಮಲಗಿತ್ತು.

ಬಿಚ್ಚಿ ತೋರಿಸಿ ಎಂದೆ. ಅವನಿಗೆ ಬಿಚ್ಚಲು ಬರಲಿಲ್ಲ. ಎತ್ತಲೋ ತಿರುವಿದ, ಒಳಗಿನ ಸ್ಪ್ರಿಂಗು ಹಾರಿ ಗಲ್ಲೆಯ ಕೆಳಗೆ ಉರುಳಿತು. ಅವನು ಮೊಣಕಾಲೂರಿ ಹುಡುಕುತ್ತಿದ್ದಾಗ ನಾನು ಮೇಲಿನಿಂದ ಕೇಳಿದೆ: ಸೂಜಿ ಬಗ್ಗಿದರೆ ಬೇರೆ ಸೂಜಿ ಸಿಗುತ್ತದೆಯೇ? ಸೂಜಿ ಯಾಕೆ ಬಗ್ಗುತ್ತದೆ ಎಂದ. ಬಗ್ಗಿದರೆ ಎಂದೆ. ಹೊಸ ಏರ್‌ಬ್ರಷ್ ತಗೊಳ್ಳಿ ಎಂದ. ತಾನು ಮಾರುವ ವಸ್ತುವಿನ ಹೊಟ್ಟೆಯೊಳಗೆ ಏನಿದೆಯೆಂದು ಎಂದೂ ನೋಡದವನ ಹತ್ತಿರ ನಾನು ಏನನ್ನೂ ಕೊಳ್ಳುವುದಿಲ್ಲ. ಸ್ಪ್ರಿಂಗು ಸಿಗುವ ಮೊದಲೇ ಹೊರಬಿದ್ದೆ.

ಮನೆಗೆ ಬಂದು ಚಪ್ಪಲಿ ಬಿಚ್ಚುವಾಗ ನನ್ನ ಮುಖ ನೋಡಿಯೇ ಇರಬೇಕು, ನಮ್ಮ ಮನೆಯವರು ಆ ವರ್ಷದಲ್ಲೇ ಉಪಯೋಗಕ್ಕೆ ಬಂದ ಒಂದು ಮಾತು ಹೇಳಿದರು.

"ನನ್ನ ಬೈಕಿನ ಟಾಕಿಗೆ ಬಣ್ಣಾ ಹೊಡದಾಂವ ಅದಾನಲ್ಲ, ಬಸ್ ಸ್ಟ್ಯಾಂಡಿನ ಹಿಂದ? ಆಂವಾ ಇಂಥಾದ್ರಾಗ ಹೊಡೀತಿದ್ದ. ಕೇಳಿ ನೋಡು."

ಕಾಯಿಪಲ್ಯೆ ಮಾರ್ಕೆಟ್ಟಿನ ಪಕ್ಕದ ಓಣಿಯಲ್ಲಿ ಅವನ ಅಂಗಡಿ. ಒಂದು ಶಟರಿನಷ್ಟು ಅಗಲ. ಗೋಡೆಯ ತುಂಬ ಹೆಲ್ಮೆಟ್ಟುಗಳು, ಬೈಕಿನ ಟ್ಯಾಂಕುಗಳು. ಅವುಗಳ ಮೇಲೆ ಬೆಂಕಿಯ ಜ್ವಾಲೆ, ಹದ್ದು, ಹುಲಿಯ ಕಣ್ಣು. ಪೇಂಟರು ಬೀದರ ಕಡೆಯವನು, ನಲವತ್ತು ದಾಟಿದವನು, ಕನ್ನಡದಲ್ಲಿ ಅರ್ಧ ಉರ್ದು ಬೆರೆಸಿ ಮಾತಾಡುವವನು. ಮಾಸ್ಟರನ್ನು ಅವರು ಎಂದು, ಇವನನ್ನು ಅವನು ಎಂದು ಬರೆಯುತ್ತಿದ್ದೇನೆ. ಅದು ನಾಲಿಗೆಯ ಹಳೆಯ ಕೆಟ್ಟ ಅಭ್ಯಾಸ, ಗೌರವದ ಅಳತೆಯಲ್ಲ.

ಏನು ಬೇಕೆಂದು ಹೇಳಲು ಬಾಯಿ ತೆರೆದವಳು ಅಲ್ಲಿಯೇ ನಿಂತೆ. ಹೆಲ್ಮೆಟ್ಟುಗಳ ನಡುವೆ ತಂತಿಯಿಂದ ಒಂದು ಸಣ್ಣ ವಿಮಾನ ತೂಗುತ್ತಿತ್ತು. ಅರ್ಧ ಮುಗಿದಿತ್ತು. ಬಾಲದ ಕಡೆ ಬೂದು ಮಚ್ಚೆಗಳು, ಅಂಚಿಲ್ಲದೆ, ಹೊಗೆಯ ಹಾಗೆ.

"ಇದು ಯಾರದಪಾ?"

"ಮಾದಾಪುರದಾಗ ಒಬ್ರು ಸಾಹೇಬ್ರು ಅದಾರ. ಅವ್ರದು. ವರ್ಷಕ್ಕ ಏಳೆಂಟ ಪೀಸ್ ತರ್ತಾರ."

"ಅವರು ಏನೂ ಹೊಡಿಯಂಗಿಲ್ಲೇನು?"

ಅವನು ನಕ್ಕ. "ಅವ್ರು ಕುಂತ ಹೇಳ್ತಾರ್ರಿ. ಹೊಡಿಯಾಂವ ನಾನು."

ನಂತರ ನನ್ನ ಮುಖ ನೋಡಿದ. ಅವನ ನಗು ಕರಗಿತು.

"ನಿಮಗ ಪೆಹಚಾನ್ ಅದ ಏನ್ರಿ ಅವ್ರದು?"

ಪರಿಚಯ ಇದೆ ಎಂದೆ. ಅವನು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ.

"ಅಕ್ಕಾರ, ಅಲ್ಲಿ ಹೇಳಬ್ಯಾಡ್ರಿ. ಈಗ ಟಾಕಿಗೆ ಯಾರೂ ಬಣ್ಣ ಹೊಡಸಂಗಿಲ್ಲ, ಸ್ಟಿಕರ್ ಹಚ್ಚಿ ಹೋಗ್ತಾರ. ಈ ಕೆಲಸಾನೂ ಹೋದ್ರ ನಾ ಗೋಡಿಗೆ ಸುಣ್ಣ ಹೊಡೀಬೇಕಾಗ್ತದ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಗಾಜಿನ ಕಪಾಟು, ಕಲೆಯಿಲ್ಲದ ಬಟ್ಟಲುಗಳು, ಸರ್ವಿಸಿಗೆ ಹೋದ ಕಂಪ್ರೆಸರು ಎಲ್ಲ ಒಂದೇ ಸಲಕ್ಕೆ ಅರ್ಥವಾದವು. ಚೊಕ್ಕ ಮನುಷ್ಯನಂತೆ! ಆ ಬಟ್ಟಲುಗಳು ಬಣ್ಣವನ್ನೇ ಕಂಡಿರಲಿಲ್ಲ. ಇಂಥವರ ಹತ್ತಿರ ಕೂತು ಹೆಣ್ಣುಮಕ್ಕಳಿಗೆ ತ್ರಾಸವಾಗುತ್ತದೆ ಎಂದು ಹೇಳಿಸಿಕೊಂಡು, ತಲೆ ಬೇರೆ ಆಡಿಸಿ ಬಂದಿದ್ದೆ. ಅವರ ಮೇಲೆ ಹುಟ್ಟಿದ ಅಸಹ್ಯದಲ್ಲಿ ನನ್ನ ಪಾಲೂ ಸ್ವಲ್ಪ ಇತ್ತು.

ಪೇಂಟರು ತನ್ನ ಏರ್‌ಬ್ರಷ್ ನನ್ನ ಕೈಗಿಟ್ಟ. ಬೆರಳು ಕೂರುವಲ್ಲಿ ಮೇಲಿನ ಲೇಪ ಸವೆದು ಹಿತ್ತಾಳೆ ಕಾಣುತ್ತಿತ್ತು; ಹೊರಗೆಲ್ಲ ಬಣ್ಣ ಒಣಗಿ ಹಕ್ಕಳೆಗಟ್ಟಿತ್ತು. ಸೂಜಿ ಎಳೆದು ತೋರಿಸಿದ. ಅದು ಮಾತ್ರ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಂದು ಹಳೆಯ ಟ್ಯಾಂಕು ಮುಂದಿಟ್ಟು, "ಚುಕ್ಕಿ ಇಡ್ರಿ," ಎಂದ.

ನನ್ನ ಮೊದಲ ಚುಕ್ಕಿ ಜೇಡರ ಹುಳದ ಹಾಗೆ ಎಂಟು ಕಾಲು ಬಿಟ್ಟುಕೊಂಡು ಹರಡಿತು. ಎರಡನೆಯದೂ ಹಾಗೇ. ಬಣ್ಣ ನೀರಾಯಿತೆಂದು ಗಟ್ಟಿ ಮಾಡಿದೆ; ಮೂತಿ ಕಟ್ಟಿತು. "ಹಾಲಿನಂಗ ಇರಬೇಕ್ರಿ. ಎಮ್ಮಿ ಹಾಲಲ್ಲ, ಪಾಕೀಟ್ ಹಾಲು," ಎಂದ. ಮೊದಲು ಗಾಳಿ ಬಿಡಬೇಕು, ಆಮೇಲೆ ಬಣ್ಣ. ಮುಗಿಸುವಾಗ ಮೊದಲು ಬಣ್ಣ ನಿಲ್ಲಿಸಬೇಕು, ಆಮೇಲೆ ಗಾಳಿ. ಎರಡನೆಯ ವಾರದ ಹೊತ್ತಿಗೆ ಸಾಲಾಗಿ ನೂರು ಚುಕ್ಕಿ ಇಟ್ಟೆ. ಮೂರನೆಯ ವಾರ ಗೆರೆ ಎಳೆದೆ. ಅವನು ಟ್ಯಾಂಕನ್ನು ಬೆಳಕಿಗೆ ಹಿಡಿದು ನೋಡಿ, "ನೀವು ಮೊದಲ ಏನ್ ಕೆಲಸ ಮಾಡ್ತಿದ್ರಿ?" ಎಂದು ಕೇಳಿದ. ಇಡೀ ಪ್ರಕರಣದಲ್ಲಿ ಆ ಪ್ರಶ್ನೆ ಕೇಳಿದವನು ಅವನೊಬ್ಬನೇ.

ಬಣ್ಣ ಹೊಡೆಯುವುದಕ್ಕಿಂತ ಎರಡು ಪಟ್ಟು ಹೊತ್ತು ಅವನು ತೊಳೆಯುವುದಕ್ಕೆ ಕಳೆಯುತ್ತಿದ್ದ. ಅದನ್ನು ನೋಡಿದಾಗ ನನಗೆ ಸಮಾಧಾನವಾಯಿತು. ನಮ್ಮ ಇಂಕಿನ ಪೆನ್ನುಗಳೂ ಹಾಗೆಯೇ ಇದ್ದವು. ಒಂದು ದಿನ ತೊಳೆಯದೆ ಬಿಟ್ಟರೆ ವಾರವಿಡೀ ಮುನಿಸು. ತೊಳೆಯುವ ಮನಸ್ಸಿಲ್ಲದವರಿಗೆ ಹದಿನಾಲ್ಕಲ್ಲ, ನೂರು ಇದ್ದರೂ ಅಷ್ಟೇ.

ಯಾವುದು ಕೊಳ್ಳಲಿ ಎಂದು ಕೇಳಿದಾಗ ಅವನು ದೇಶಗಳ ಹೆಸರು ಹೇಳಲಿಲ್ಲ.

"ಒತ್ತಿ ಎಳಿಯೂದ ತಗೋರಿ. ಸೂಜಿ ಭಾಳ ಸಣ್ಣದ್ ಬ್ಯಾಡ, ನಡೂಕಿಂದು ಇರ್ಲಿ. ನಿಮಗ ಧೂಳ ಬೇಕು, ಕೂದಲಾ ಅಲ್ಲ. ಮತ್ತ ಬ್ಯಾರೆ ಸೂಜಿ ಇದೇ ಊರಾಗ ಸಿಗ್ತದೋ ಇಲ್ಲೋ ಅದು ಮೊದಲ ಕೇಳ್ರಿ. ಕಂಪ್ರೆಸರಿಗೆ ನೀರ ಹಿಡಿಯೂ ಬುರುಡಿ ಇರ್ಲಿ. ಇಲ್ಲಂದ್ರ ಮಳಿಗಾಲದಾಗ ಬಣ್ಣದ ಜೋಡಿ ನೀರೂ ಉಗಳತದ."

ಅಬಿಡ್ಸ್‌ನಲ್ಲೇ, ಬೇರೆ ಅಂಗಡಿಯಲ್ಲಿ, ಅಂಥದೊಂದು ಸಿಕ್ಕಿತು. ಮಖಮಲ್ಲಿಲ್ಲ, ಚಿನ್ನದ ಬಣ್ಣವಿಲ್ಲ. ಗಲ್ಲೆಯ ಮೇಲೆ ಕರವಸ್ತ್ರ ಹಾಸಿ ನಾನೇ ಪೂರ್ತಿ ಬಿಚ್ಚಿದೆ, ಸೂಜಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೆಟ್ಟಗಿದೆಯೇ ನೋಡಿದೆ, ಮತ್ತೆ ಜೋಡಿಸಿದೆ, ಆಮೇಲೆ ಚೀಲಕ್ಕೆ ಹಾಕಿದೆ.

ರೋಲರಿಗೆ ಧೂಳು ಕೂತಿತು. ಗಾಲಿಗಳ ಮೇಲೆ, ಎಂಜಿನ್ನಿನ ಮುಚ್ಚಳದ ಮೇಲೆ, ತಗಡಿನ ಚಾವಣಿಯ ಮೇಲೆ ತೆಳ್ಳಗೆ, ಕೆಳಗಿನ ಹಸಿರು ಉಸಿರಾಡುವಷ್ಟು. ನಮ್ಮ ಮನೆಯವರು ಕನ್ನಡಕ ಹಾಕಿಕೊಂಡು ನೋಡಿ, ಊದಲು ಹೋದರು. ಅದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಬೇಡ.

ಆ ಚಳಿಗಾಲದಲ್ಲಿ ಗುಂಪಿನವರು ಮಾದಾಪುರದ ಅಪಾರ್ಟ್‌ಮೆಂಟೊಂದರ ಹಾಲಿನಲ್ಲಿ ಪ್ರದರ್ಶನ ಇಟ್ಟರು. ವಿಮಾನಗಳಿಗೊಂದು ಮೇಜು, ಯುದ್ಧದ ಟ್ಯಾಂಕುಗಳಿಗೊಂದು, ಹಡಗುಗಳಿಗೊಂದು. ನನ್ನ ರೋಲರನ್ನು ಮೂಲೆಯಲ್ಲಿ ‘ಇತರೆ’ ಎಂದು ಚೀಟಿ ಹಚ್ಚಿದ ಮೇಜಿನ ಮೇಲೆ, ಯಾರದೋ ಮಗ ಮಾಡಿದ ಮಣ್ಣಿನ ಡೈನೋಸಾರಿನ ಪಕ್ಕ ಇಟ್ಟರು. ನಡುವೆ, ದೀಪದ ಕೆಳಗೆ, ಮಾಸ್ಟರ ಹೊಸ ವಿಮಾನ. ನಾನು ಅದನ್ನು ಹೆಲ್ಮೆಟ್ಟುಗಳ ನಡುವೆ ತೂಗುತ್ತಿದ್ದಾಗಿನಿಂದ ಬಲ್ಲೆ.

ಮಾತು ಕೊಟ್ಟಿದ್ದೆನಲ್ಲ, ಏನೂ ಹೇಳುವಂತಿರಲಿಲ್ಲ. ಆದರೆ ಕೇಳಬಾರದೆಂದು ಮಾತಾಗಿರಲಿಲ್ಲ.

"ಸರ್, ಈ ಹೊಗಿಯಂಥ ಮಚ್ಚಿ ಹೆಂಗ ಹೊಡದ್ರಿ?"

ಅವರ ಮುಖ ಅರಳಿತು. ಸುತ್ತ ಹತ್ತು ಜನ ಸೇರಿದರು. ಹತ್ತು ನಿಮಿಷ ಹೇಳಿದರು: ಸೂಜಿ ಯಾವುದು, ಗಾಳಿಯ ಒತ್ತಡ ಎಷ್ಟು, ಮೂರು ರಾತ್ರಿ ಹೇಗೆ ಕಣ್ಣು ಮುಚ್ಚಲಿಲ್ಲ, ಒಂದು ಮಚ್ಚೆಗಾಗಿ ಹೇಗೆ ಉಸಿರು ಹಿಡಿದರು. ಹೇಳುತ್ತ ಗಾಳಿಯಲ್ಲಿ ಏರ್‌ಬ್ರಷ್ ಹಿಡಿದ ಹಾಗೆ ಕೈ ಆಡಿಸಿದರು. ಹೆಬ್ಬೆರಳಿನಿಂದ ಒತ್ತುತ್ತಿದ್ದರು! ಆ ಗುಂಡಿಯನ್ನು ತೋರುಬೆರಳಿನಿಂದ ಒತ್ತಬೇಕೆಂದು ನನ್ನ ಮೂರು ವಾರದ ಕೈಗೂ ಗೊತ್ತಿತ್ತು. ಹತ್ತು ಜನರಲ್ಲಿ ಒಬ್ಬನೂ ಅದನ್ನು ಗಮನಿಸಲಿಲ್ಲ. ಒಬ್ಬನಂತೂ ಅವರು ಹೇಳಿದ್ದನ್ನೆಲ್ಲ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದ. ನಾನು ಕೈಕಟ್ಟಿಕೊಂಡು ಪೂರ್ತಿ ಕೇಳಿದೆ. ಒಬ್ಬ ಮನುಷ್ಯ ನನ್ನ ಕಣ್ಣೆದುರು ಅಷ್ಟು ಸಣ್ಣವನಾಗುವುದನ್ನು ನಾನು ಮೊದಲು ನೋಡಿರಲಿಲ್ಲ, ಮತ್ತು ನೋಡುವುದು ನನಗೆ ಹಿತವಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಆಮೇಲೆ ಅವರು ನನ್ನ ಮೇಜಿಗೆ ಬಂದರು. ಬಗ್ಗಿ, ಕೈ ಹಿಂದೆ ಕಟ್ಟಿಕೊಂಡು ರೋಲರನ್ನು ಬಹಳ ಹೊತ್ತು ನೋಡಿದರು.

"ಧೂಳ ಚೊಲೊ ಬಂದೈತ್ರಿ ಮೇಡಂ. ಆದ್ರ ಸ್ಟೇರಿಂಗ್ ಮ್ಯಾಲೂ ಐತಲ್ಲ? ಪಾವಟಿಗಿ ಮ್ಯಾಲೂ ಐತಿ. ಡ್ರೈವರ್ ದಿನಾ ಕೈ ಇಡೂ ಜಾಗಾ, ಕಾಲ ಇಡೂ ಜಾಗಾ. ಅಲ್ಲೆ ಧೂಳ ಹೆಂಗ ಕುಂದರ್ತೈತಿ?"

ನನ್ನ ಕಿವಿ ಬಿಸಿಯಾದವು. ಅವರು ಹೇಳಿದ್ದು ಸರಿ. ತಂದೆಯ ಆಫೀಸಿನ ರೋಲರಿನ ಸ್ಟೇರಿಂಗ್ ಚಕ್ರ ಕಪ್ಪಗೆ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಡ್ರೈವರನ ಬೆವರಿನ ಕೈಗಳು ಅದನ್ನು ಉಜ್ಜಿ ಉಜ್ಜಿ ಹಾಗೆ ಮಾಡಿದ್ದವು. ಮೆಟ್ಟಿಲ ತಗಡಂತೂ ಬೆಳ್ಳಗೆ ಸವೆದಿತ್ತು. ಕಣ್ಣಾರೆ ಕಂಡ ನಾನು ಮರೆತಿದ್ದೆ. ಎಂದೂ ಕಾಣದ ಈ ಮನುಷ್ಯ ನಿಮಿಷದಲ್ಲಿ ಹಿಡಿದಿದ್ದರು. ಹೌದ್ರಿ ಸರ್ ಎಂದೆ. ಆ ಎರಡು ಮಾತು ನನಗೆ ಕಹಿಯಾಗಿತ್ತು.

ಆಗ ನನಗೊಂದು ಯೋಚನೆ ಬಂತು. ಇಂಥ ಕಣ್ಣಿದ್ದೂ ಬಣ್ಣ ಮುಟ್ಟದಿರಲು ಏನೋ ಕಾರಣ ಇರಬೇಕು. ಪಾಪ, ಕೈ ನಡುಗುತ್ತದೋ ಏನೋ. ತಿಂಡಿಯ ಹೊತ್ತಿನಲ್ಲಿ ಬೇಕೆಂದೇ ಅವರ ಎದುರು ಕೂತೆ. ತುಂಬಿದ ಚಹದ ಕಪ್ಪನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಉಪ್ಪಿಟ್ಟು ತಿನ್ನುತ್ತ, ಹಿಂದೆ ತಿರುಗಿ ಯಾರನ್ನೋ ಕರೆದರು. ಒಂದು ಹನಿ ಚೆಲ್ಲಲಿಲ್ಲ. ಕೈ ಬಂಡೆಯ ಹಾಗಿತ್ತು. ಬರೀ ಸೋಮಾರಿತನ, ಕೆಡಿಸಿಕೊಳ್ಳುವ ಧೈರ್ಯವಿಲ್ಲ, ಅಷ್ಟೇ. ಕನಿಕರ ತೋರಿಸಲು ಹೋಗಿ ನಾನು ಇನ್ನಷ್ಟು ತಾತ್ಸಾರ ಹೊತ್ತುಕೊಂಡು ಎದ್ದೆ.

ಮನೆಗೆ ಬಂದು ಹತ್ತಿಗೆ ಥಿನ್ನರ್ ಹಚ್ಚಿ ಸ್ಟೇರಿಂಗಿನ ಧೂಳು ಒರೆಸಿದೆ. ಸಿಟ್ಟಿನಲ್ಲಿ ಒರೆಸಿದ್ದರಿಂದ ಕೆಳಗಿನ ಕಪ್ಪೂ ಎದ್ದುಬಂತು. ಮತ್ತೆ ಹಚ್ಚಬೇಕಾಯಿತು. ಪಾವಟಿಗೆಯ ನಡುಭಾಗವನ್ನು ಮಾತ್ರ ಉಜ್ಜಿ, ಅಂಚುಗಳಲ್ಲಿ ಧೂಳು ಉಳಿಸಿದೆ. ಮುಗಿದ ಮೇಲೆ ನೋಡಿದರೆ ಈಗ ತಾನೇ ಯಾರೋ ಇಳಿದು ಚಹಕ್ಕೆ ಹೋದಂತಿತ್ತು. ಮೊದಲಿಗಿಂತ ನೂರು ಪಾಲು ಚೆನ್ನ. ಯಾರಿಗೂ ತೋರಿಸಲಿಲ್ಲ.

ಎರಡು ದಿನ ಬಿಟ್ಟು ಪೇಂಟರನ ಅಂಗಡಿಗೆ ಹೋದಾಗ ಮಾತ್ರ ತಡೆಯಲಾಗಲಿಲ್ಲ. ಹೆಬ್ಬೆರಳಿನ ಕಥೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ. ಸ್ಟೇರಿಂಗಿನ ಮಾತೂ ಹೇಳಿದೆ. ಅದಕ್ಕೆ ನಗಲಿಲ್ಲ.

"ಅವ್ರ ಕಣ್ಣ ಭಾಳ ಖಡಕ್ ಅದ ಅಕ್ಕಾರ. ಆ ವಿಮಾನ ನನ್ನ ಕಡಿಂದ ಮೂರ ಸಲ ಅಳಸ್ಯಾರ. ಮೂರ ಸಲಾನೂ ಅವ್ರು ಹೇಳಿದ್ದ ಖರೇ ಇತ್ತು."

"ಹಂಗಿದ್ರ ಹಂಗಂತನ ಹೇಳ್ಲಿ. ನಾ ಕುಂತ ಹೇಳ್ದೆ, ಆಂವಾ ಹೊಡದ ಅಂತ. ಅದರಾಗೇನ್ ಕಮ್ಮಿ ಆಕ್ಕೈತಿ?"

ಅವನು ಸೂಜಿ ಒರೆಸಿ ಬೆಳಕಿಗೆ ಹಿಡಿದ.

"ಹೇಳಿದ್ರ ಮಂದಿ ಎಲ್ಲಾ ನನ್ನ ಹತ್ರ ಬರ್ತಾರ್ರಿ. ಅವ್ರ ಮನಿಗಿ ಯಾರ್ ಹೋಗ್ತಾರ?"

ಅದನ್ನು ಕೇಳಿ ಮಾಸ್ಟರ ಮೇಲೆ ಮನಸ್ಸು ಮೃದುವಾಯಿತೆಂದಲ್ಲ, ಇವತ್ತಿಗೂ ಆಗಿಲ್ಲ. ಅವತ್ತು ಒಂದು ಬಾಟಲಿ ಥಿನ್ನರ್ ತೆಗೆದುಕೊಂಡು, ಮಾರ್ಕೆಟ್ಟಿನಲ್ಲಿ ಮೆಂತ್ಯಪಲ್ಯೆ ಕೊಂಡು, ನಡೆದೇ ಮನೆಗೆ ಬಂದೆ.